ಅಂಗಾಲಿನ ಸಾಕ್ಷ್ಯ: ಡಾಕ್ಟರ್ ಜೋಸೆಫ್ ಬಾಬಿನ್ಸ್ಕಿಯವರ ಜೀವನ

ಮಳೆಗಾಲದ ನಡುವೆ ಬಿಸಿಲು ಕಂಡ ದಿನ ಅಡಿಕೆ ತೋಟಕ್ಕೆ ಮದ್ದು ಬಿಡುವುದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕೃಷಿಕರಿಗೆ ವರ್ಷ ವರ್ಷದ ಕೆಲಸ. ಪಾಚಿಗಟ್ಟಿದ ಮರದ ತುದಿಯಲ್ಲಿ ಬರಿಯ ತಳೆಯ ಆಧಾರದಿಂದ ನಿಂತು ಗೊನೆಯಿಂದ ಗೊನೆಗೆ ಮೈಲುತುತ್ತಿನ ದ್ರಾವಣವನ್ನು ಸಿಂಪಡಿಸುವವನ ಕಾಲು ಜಾರಿತೆಂದರೆ, ಕೆಳಗೆ ಬಿದ್ದ ದೇಹದಲ್ಲಿ ಮುರಿದುದು ಬರಿಯ ಎಲುಬೋ ಅಥವಾ ಬೆನ್ನೆಲುಬಿನ ಒಳಗಿನ ನರದ ಹುರಿಗೂ ಪೆಟ್ಟಾಗಿದೆಯೋ ಎಂಬುದು ಮನೆಯವರಿಗೆ ತಿಳಿಯುವಂತಹದಲ್ಲ. ಅಂತಹವನನ್ನು ಕೈಕಾಲು ಹಿಡಿದು ಮಡಚಿ ಎತ್ತದೆ, ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸತಕ್ಕದ್ದು. ಆಸ್ಪತ್ರೆಯಲ್ಲಿ ವೈದ್ಯರು ಕೈಕಾಲುಗಳ ಶಕ್ತಿಯನ್ನೂ ಸ್ಪರ್ಶಜ್ಞಾನವನ್ನೂ ಪರೀಕ್ಷಿಸಿದ ಮೇಲೆ, ಜೇಬಿನಿಂದ ಒಂದು ಬೀಗದ ಕೈಯನ್ನು ತೆಗೆದು ರೋಗಿಯ ಅಂಗಾಲಿನ ಹೊರ ಅಂಚಿನಲ್ಲಿ ಹಿಮ್ಮಡಿಯಿಂದ ಮೇಲಕ್ಕೆ ಮೆಲ್ಲನೆ ಗೆರೆ ಎಳೆಯುವುದನ್ನು ನೋಡಿದವರು ಅನೇಕರಿರಬಹುದು. ಆಗ ಅವರ ದೃಷ್ಟಿಯೆಲ್ಲ ಹೆಬ್ಬೆರಳಿನ ಮೇಲೆ ನೆಟ್ಟಿರುತ್ತದೆ. ಬೆರಳು ಕೆಳಕ್ಕೆ ಬಾಗಿತೇ, ಇಲ್ಲ ಮೇಲಕ್ಕೆ ಎದ್ದಿತೇ ಎಂಬಷ್ಟೇ ಪ್ರಶ್ನೆ.

ಕಾಸಿನ ಖರ್ಚಿಲ್ಲದ, ಯಂತ್ರದ ಹಂಗಿಲ್ಲದ ಈ ಪರೀಕ್ಷೆಗೆ ಬಾಬಿನ್ಸ್ಕಿ ಚಿಹ್ನೆಯೆಂದು ಹೆಸರು. ವೈದ್ಯಶಾಸ್ತ್ರವನ್ನು ಕಲಿಯುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಉಚ್ಚರಿಸುವ ಹೆಸರಿದು. ಆದರೆ ಆ ಹೆಸರಿನ ಹಿಂದಿದ್ದ ಮನುಷ್ಯನನ್ನು ಬಲ್ಲವರು ವಿರಳ.

ಜೋಸೆಫ್ ಬಾಬಿನ್ಸ್ಕಿಯವರು 1857ನೆಯ ಇಸವಿಯ ನವೆಂಬರ್ 17ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಪೋಲೆಂಡಿನವರು. ಪೋಲೆಂಡ್ ಪರಕೀಯರ ಆಳ್ವಿಕೆಗೆ ಒಳಗಾಗಿದ್ದ ಆ ಕಾಲದಲ್ಲಿ ಸ್ವಾತಂತ್ರ್ಯದ ಕನಸನ್ನು ಹೊತ್ತು ದೇಶ ಬಿಟ್ಟು ಬಂದ ಸಾವಿರಾರು ಕುಟುಂಬಗಳಲ್ಲಿ ಇವರದೂ ಒಂದು. ತಂದೆ ಅಲೆಕ್ಸಾಂಡರ್ ಬಾಬಿನ್ಸ್ಕಿ ಇಂಜಿನಿಯರ್ ವೃತ್ತಿಯವರು. ಮಕ್ಕಳು ಕಲಿತದ್ದು ನಿರಾಶ್ರಿತ ಪೋಲಿಷರೇ ನಡೆಸುತ್ತಿದ್ದ ಶಾಲೆಯಲ್ಲಿ. ಮನೆಯ ಮಾತು ಪೋಲಿಷ್, ಬೀದಿಯ ಮಾತು ಫ್ರೆಂಚ್. ಅಣ್ಣ ಹೆನ್ರಿ ಗಣಿ ಇಂಜಿನಿಯರಾಗಿ ದೂರ ದೇಶಗಳನ್ನು ಸುತ್ತಿ ಬಂದವರು. ತಮ್ಮನ ವಿದ್ಯಾಭ್ಯಾಸಕ್ಕೆ ಒತ್ತಾಸೆಯಾಗಿ ನಿಂತು, ಕಡೆಯವರೆಗೂ ಅವನೊಡನೆಯೇ ಬಾಳಿದರು. ಇಬ್ಬರೂ ಅವಿವಾಹಿತರು. ಈ ಹೆನ್ರಿಯವರು ಪಾಕಶಾಸ್ತ್ರದಲ್ಲಿ ಅಸಾಧಾರಣ ಪ್ರವೀಣರಾಗಿ ಗುಪ್ತನಾಮದಲ್ಲಿ ಬರೆದ ಗ್ರಂಥವು ಫ್ರಾನ್ಸಿನ ಅಡುಗೆಯ ಮನೆಗಳಲ್ಲಿ ಪ್ರಮಾಣಗ್ರಂಥವೆನಿಸಿತು. ಆಸ್ಪತ್ರೆಯಿಂದ ದಣಿದು ಬರುವ ತಮ್ಮನಿಗೆ ಊಟದ ವಿಷಯದಲ್ಲಿ ಕೊರತೆಯಾಗಲಿಲ್ಲವೆಂದು ಧಾರಾಳವಾಗಿ ಊಹಿಸಬಹುದು.

1885ರಲ್ಲಿ ಬಾಬಿನ್ಸ್ಕಿಯವರು ವೈದ್ಯಪದವಿಯ ಪ್ರಬಂಧವನ್ನು ಒಪ್ಪಿಸಿದರು. ವಿಷಯ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯಾಧಿ. ಅದೇ ವರ್ಷ ಸಾಲ್ಪೆತ್ರಿಯೇರ್ ಆಸ್ಪತ್ರೆಯಲ್ಲಿ ಜಗತ್ಪ್ರಸಿದ್ಧ ನರತಜ್ಞ ಷಾರ್ಕೋ ಅವರ ಕೈಕೆಳಗೆ ಮುಖ್ಯ ಸಹಾಯಕರಾಗುವ ಭಾಗ್ಯ ಲಭಿಸಿತು. ಷಾರ್ಕೋ ಅವರ ಉಪನ್ಯಾಸಗಳಿಗೆ ವೈದ್ಯರು ಮಾತ್ರವಲ್ಲದೆ ಸಾಹಿತಿಗಳೂ ಕಲಾವಿದರೂ ಗಣ್ಯರೂ ನೆರೆಯುತ್ತಿದ್ದ ಕಾಲವದು. ಹಿಸ್ಟೀರಿಯಾ ಎಂದು ಕರೆಯಲ್ಪಡುತ್ತಿದ್ದ ವ್ಯಾಧಿಯುಳ್ಳ ಸ್ತ್ರೀಯರನ್ನು ಸಭೆಯ ಮುಂದೆ ತಂದು, ಸಂಮೋಹನದಿಂದ ಅವರ ದೇಹದಲ್ಲಿ ಉಂಟಾಗುವ ಸೆಳೆತ, ಬಿಗಿತ, ಮೂರ್ಛೆಗಳನ್ನು ತೋರಿಸುವುದು ಆ ಉಪನ್ಯಾಸಗಳ ಆಕರ್ಷಣೆ. 1887ರಲ್ಲಿ ಬ್ರುಯೆ ಎಂಬ ಚಿತ್ರಕಾರ ಈ ದೃಶ್ಯವನ್ನು ದೊಡ್ಡದೊಂದು ತೈಲಚಿತ್ರವಾಗಿ ಬರೆದನು. ಮೈಮರೆತು ಹಿಂದಕ್ಕೆ ವಾಲಿದ ರೋಗಿಯನ್ನು ಬೆನ್ನ ಹಿಂದಿನಿಂದ ಹಿಡಿದು ನಿಂತ ಎತ್ತರದ ತರುಣನೇ ಬಾಬಿನ್ಸ್ಕಿ. ಗುರುವು ಸಭಿಕರ ಕಡೆ ನೋಡುತ್ತಿದ್ದಾನೆ, ಶಿಷ್ಯನು ರೋಗಿಯ ಕಡೆ ನೋಡುತ್ತಿದ್ದಾನೆ. ಚಿತ್ರಕಾರನಿಗೆ ಅರಿವಿತ್ತೋ ಇಲ್ಲವೋ, ಮುಂದೆ ಇಬ್ಬರ ಮಾರ್ಗ ಕವಲೊಡೆದುದು ಇಲ್ಲಿಂದಲೇ.

1892ರಲ್ಲಿ ಪ್ರಾಧ್ಯಾಪಕ ಪದವಿಗೆ ಮೆಟ್ಟಿಲಾಗಿದ್ದ ಸ್ಪರ್ಧಾಪರೀಕ್ಷೆಯಲ್ಲಿ ಬಾಬಿನ್ಸ್ಕಿಯವರು ಆಯ್ಕೆಯಾಗಲಿಲ್ಲ. ಪರೀಕ್ಷಕ ಮಂಡಳಿಯ ಮುಖ್ಯಸ್ಥ ಬುಷಾರ್ ಅವರಿಗೂ ಷಾರ್ಕೋ ಅವರಿಗೂ ಆಗ ವೈಮನಸ್ಯ ಬೆಳೆದಿತ್ತು. ಗುರುಗಳ ಜಗಳದಲ್ಲಿ ಶಿಷ್ಯನು ಬಲಿಯಾದನು. ಅವರು ಎರಡನೆಯ ಬಾರಿ ಆ ಪರೀಕ್ಷೆಗೆ ಕುಳಿತುಕೊಳ್ಳಲೂ ಇಲ್ಲ, ಜೀವಮಾನದಲ್ಲಿ ಪ್ರಾಧ್ಯಾಪಕರಾಗಲೂ ಇಲ್ಲ. ಮರುವರ್ಷ ಷಾರ್ಕೋ ತೀರಿಕೊಂಡರು. 1895ರಿಂದ 1922ರಲ್ಲಿ ನಿವೃತ್ತರಾಗುವ ತನಕ ಪಿತಿಯೆ ಎಂಬ ಸಾರ್ವಜನಿಕ ಆಸ್ಪತ್ರೆಯ ವಾರ್ಡುಗಳೇ ಅವರ ವಿದ್ಯಾಪೀಠವಾದವು. ಪದವಿ ತಪ್ಪಿದುದು ಅನ್ಯಾಯವೇ ಸರಿ. ಆದರೆ ಆಡಳಿತದ ಹೊರೆಯಿಲ್ಲದೆ ದಿನದ ಹೊತ್ತೆಲ್ಲ ರೋಗಿಯ ಹಾಸಿಗೆಯ ಬಳಿ ಕಳೆಯಲು ಅವರಿಗೆ ಅವಕಾಶವಾದುದೂ ಅದರಿಂದಲೇ.

ಆ ಹಾಸಿಗೆಯ ಬಳಿ ಅವರನ್ನು ಕಾಡುತ್ತಿದ್ದ ಪ್ರಶ್ನೆ ಇದು. ಒಬ್ಬ ರೋಗಿಯ ಕಾಲು ಬಿದ್ದುಹೋಗಿದೆ. ಮಿದುಳಿನಲ್ಲಿ ರಕ್ತನಾಳ ಒಡೆದು ಆದ ಪಾರ್ಶ್ವವಾಯುವೇ, ಅಥವಾ ನರಗಳೆಲ್ಲ ಸ್ವಸ್ಥವಾಗಿದ್ದೂ ಮನಸ್ಸಿನ ಒತ್ತಡದಿಂದ ಬಂದ ಶಕ್ತಿಹೀನತೆಯೇ? ರೋಗಿಯ ಮಾತಿನಿಂದ ಇದು ತೀರ್ಮಾನವಾಗದು. ರೋಗಿಯ ಇಚ್ಛೆಗೆ ವಶವಾಗದ, ಬೇಕೆಂದರೂ ನಟಿಸಲು ಬಾರದ, ದೇಹವು ತಾನಾಗಿ ಕೊಡುವ ಸಾಕ್ಷ್ಯವೊಂದು ಬೇಕಾಗಿತ್ತು. 1896ರ ಫೆಬ್ರವರಿ 22ರಂದು ಪ್ಯಾರಿಸಿನ ಜೀವಶಾಸ್ತ್ರ ಸಂಘದ ಸಭೆಯಲ್ಲಿ ಬಾಬಿನ್ಸ್ಕಿಯವರು ಅಂಗಾಲಿನ ಈ ವಿದ್ಯಮಾನವನ್ನು ವರದಿ ಮಾಡಿದರು. ಮುದ್ರಿತ ಬರಹದ ಉದ್ದ ಕೇವಲ 28 ಸಾಲು. ಹೆಬ್ಬೆರಳು ಮೇಲೇಳುವುದನ್ನು ಅವರಿಗಿಂತ ಮುಂಚೆ ಕಂಡವರು ಇದ್ದರು. ಜರ್ಮನಿಯ ರೆಮಾಕ್ 1893ರಲ್ಲೇ ಅದನ್ನು ಗುರುತಿಸಿದ್ದರು. ಆದರೆ ಆ ಚಲನೆಯ ಅರ್ಥವೇನು, ಯಾವ ಪ್ರಶ್ನೆಗೆ ಅದು ಉತ್ತರ ಎಂಬುದನ್ನು ನೂರಾರು ರೋಗಿಗಳಲ್ಲಿ ಒರೆಗೆ ಹಚ್ಚಿ ನೋಡಿದವರು ಬಾಬಿನ್ಸ್ಕಿ. 1898ರಲ್ಲಿ ಸವಿಸ್ತಾರವಾದ ಲೇಖನವನ್ನೂ, 1903ರಲ್ಲಿ ಉಳಿದ ಬೆರಳುಗಳು ಬೀಸಣಿಗೆಯಂತೆ ಹರಡಿಕೊಳ್ಳುವ ಬಗೆಗೆ ಮತ್ತೊಂದನ್ನೂ ಅವರು ಪ್ರಕಟಿಸಿದರು.

ಇದರ ಒಳಗುಟ್ಟನ್ನು ಸ್ವಲ್ಪ ವಿವರಿಸಬೇಕು. ಮಿದುಳಿನ ಮೇಲ್ಪದರದಿಂದ ಹೊರಟ ಚಲನೆಯ ಆಜ್ಞೆಗಳು ಒಂದು ನರಮಾರ್ಗದ ಮೂಲಕ ಬೆನ್ನುಹುರಿಯೊಳಗೆ ಇಳಿಯುತ್ತವೆ. ಇದೇ ಮಾರ್ಗವು ಬೆನ್ನುಹುರಿಯ ಹಳೆಯ, ಸ್ವಯಂಚಾಲಿತ ಪ್ರವೃತ್ತಿಗಳನ್ನು ಹತೋಟಿಯಲ್ಲಿಡುತ್ತದೆ. ಅಂಗಾಲಿಗೆ ಏನಾದರೂ ತಾಗಿದೊಡನೆ ಕಾಲನ್ನೂ ಹೆಬ್ಬೆರಳನ್ನೂ ಮೇಲಕ್ಕೆ ಸೆಳೆದುಕೊಳ್ಳುವುದು ಅಂತಹ ಒಂದು ಪ್ರವೃತ್ತಿ. ಎಳೆಯ ಶಿಶುವಿನಲ್ಲಿ ಈ ಮಾರ್ಗ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅದರ ಹೆಬ್ಬೆರಳು ಮೇಲೇಳುವುದು ಸಹಜ. ಮಗು ನಡೆಯಲು ಕಲಿಯುವ ಹೊತ್ತಿಗೆ ಅದು ಕೆಳಕ್ಕೆ ಬಾಗತೊಡಗುತ್ತದೆ. ದೊಡ್ಡವರಲ್ಲಿ ಬೆರಳು ಮತ್ತೆ ಮೇಲೆದ್ದಿತೆಂದರೆ ಆ ಮಾರ್ಗಕ್ಕೆ ಎಲ್ಲಿಯೋ ಧಕ್ಕೆಯಾಗಿದೆ ಎಂದು ತಿಳಿಯಬೇಕು. ಎಲ್ಲಿ ಎಂಬುದನ್ನು ಬೆರಳು ಹೇಳದು, ಏಕೆ ಎಂಬುದನ್ನೂ ಹೇಳದು. ಈ ಎರಡು ಮಿತಿಗಳನ್ನು ಮರೆತವರು ಅಂದೂ ಇದ್ದರು, ಇಂದೂ ಇದ್ದಾರೆ.

ಪರೀಕ್ಷೆಯನ್ನು ಮಾಡುವ ಕ್ರಮದಲ್ಲಿಯೂ ಬಾಬಿನ್ಸ್ಕಿಯವರು ಬಲು ನಿಷ್ಠುರರು. ರೋಗಿಯು ಮೈ ಸಡಿಲಿಸಿ ಮಲಗಿರಬೇಕು, ಪಾದ ತಣ್ಣಗಿರಬಾರದು, ಗೆರೆ ನಿಧಾನವಾಗಿರಬೇಕು. ಕಚಗುಳಿಯಿಂದ ಕಾಲನ್ನು ಒಮ್ಮೆಲೇ ಕೊಸರುವುದು ಬೇರೆ, ಹೆಬ್ಬೆರಳು ಮೆಲ್ಲಗೆ ಗಂಭೀರವಾಗಿ ಏಳುವುದು ಬೇರೆ. ಸಂಶಯವಿದ್ದರೆ ಮತ್ತೊಮ್ಮೆ, ಮರುದಿನ ಇನ್ನೊಮ್ಮೆ. ಗದ್ದೆ ತೋಟಗಳಲ್ಲಿ ಬರಿಗಾಲಿನಲ್ಲಿ ದುಡಿದು ಅಂಗಾಲು ತೊಗಲಿನಂತೆ ದಪ್ಪಗಟ್ಟಿದವರಲ್ಲಿ ಈ ಗೆರೆಗೆ ಉತ್ತರ ಸುಲಭವಾಗಿ ದೊರೆಯುವುದಿಲ್ಲ. ಅಂತಹವರಿಗೆ ಹೊರಗಣ್ಣಿನ, ಎಂದರೆ ಕಾಲಿನ ಹೊರ ಹರಡಿನ ಕೆಳಗಿನ ಮೆತ್ತನೆಯ ಚರ್ಮದಲ್ಲಿ ಗೆರೆ ಎಳೆಯುವ ವಿಧಾನವನ್ನು 1911ರಲ್ಲಿ ಅಮೆರಿಕದ ಚಾಡಕ್ ಬಳಕೆಗೆ ತಂದರು. ಅವರು ಪ್ಯಾರಿಸಿಗೆ ಬಂದು ಬಾಬಿನ್ಸ್ಕಿಯವರ ಬಳಿ ಕಲಿತು ಹೋದವರು. ಮರದಿಂದ ಬಿದ್ದು ಬೆನ್ನುಹುರಿ ಜಜ್ಜಿದವನಲ್ಲಿ ಮೊದಲ ಗಂಟೆಗಳಲ್ಲಿ, ಕೆಲವೊಮ್ಮೆ ಮೊದಲ ದಿನಗಳಲ್ಲಿ, ಹುರಿಯು ಆಘಾತದಿಂದ ಸ್ತಬ್ಧವಾಗಿರುವ ಕಾರಣ ಬೆರಳು ಯಾವ ಕಡೆಗೂ ಚಲಿಸದೆ ಇರಬಹುದು. ಆ ಮೌನವನ್ನು ಕ್ಷೇಮವೆಂದು ಬಗೆಯುವಂತಿಲ್ಲ. ಇನ್ನು ಅಪಸ್ಮಾರದ ಸೆಳವು ಬಂದು ನಿಂತ ಸ್ವಲ್ಪ ಹೊತ್ತು, ಮಿದುಳಿನಲ್ಲಿ ಶಾಶ್ವತ ಹಾನಿ ಏನೂ ಇಲ್ಲದಿದ್ದರೂ ಬೆರಳು ಮೇಲೇಳುವುದುಂಟು. ಸೆಳವು ಬಂದವನ ಅಂಗೈಗೆ ಕಬ್ಬಿಣದ ಬೀಗದ ಕೈಯನ್ನು ತುರುಕುವ ರೂಢಿ ನಮ್ಮ ಹಳ್ಳಿಗಳಿಂದ ಪೂರ್ತಿ ಹೋಗಿಲ್ಲ. ಅದರಿಂದ ಸೆಳವು ನಿಲ್ಲುವುದಿಲ್ಲ. ಬೀಗದ ಕೈಗೆ ವೈದ್ಯಕೀಯದಲ್ಲಿ ಒಂದು ಸ್ಥಾನವಿದೆಯಾದರೆ ಅದು ಅಂಗಾಲಿನಲ್ಲಿ!

ಬಾಬಿನ್ಸ್ಕಿಯವರ ಕೀರ್ತಿಯೆಲ್ಲ ಒಂದು ಬೆರಳಿಗೆ ಅಂಟಿಕೊಂಡಿದ್ದರೂ ಅವರ ಕೆಲಸ ಅಷ್ಟಕ್ಕೇ ಸೀಮಿತವಲ್ಲ. ಸೊಂಟದಿಂದ ಕಾಲಿಗೆ ಇಳಿಯುವ ನರದ ಬೇನೆಯಲ್ಲಿ ಹಿಮ್ಮಡಿಯ ಸ್ನಾಯುರಜ್ಜುವಿನ ಪ್ರತಿವರ್ತನ ಅಳಿಯುವುದನ್ನು ಅವರು ತೋರಿಸಿದರು. ಕಿರುಮಿದುಳು ಕೆಟ್ಟಾಗ ಅಂಗೈಯನ್ನು ಬೇಗಬೇಗನೆ ಮಗುಚಿ ತಿರುಗಿಸಲು ಬಾರದಿರುವುದನ್ನು 1902ರಲ್ಲಿ ವರ್ಣಿಸಿದರು. ಎಡಭಾಗ ಬಿದ್ದುಹೋದ ಕೆಲವು ರೋಗಿಗಳಿಗೆ ತಮಗೆ ಲಕ್ವ ಹೊಡೆದಿದೆ ಎಂಬ ಅರಿವೇ ಇಲ್ಲದಿರುವ ವಿಚಿತ್ರ ಸ್ಥಿತಿಗೆ 1914ರಲ್ಲಿ ಹೆಸರಿಟ್ಟವರೂ ಅವರೇ. 1899ರಲ್ಲಿ, ಬೆಳಕು ಬಿದ್ದರೂ ಕುಗ್ಗದ ಕಣ್ಣಪಾಪೆಯು ಸಿಫಿಲಿಸ್ ರೋಗದ ಕುರುಹೆಂದು ಪ್ರತಿಪಾದಿಸಿದರು. ಆ ರೋಗಕ್ಕೆ ವಾಸರ್ಮನ್ ಅವರ ರಕ್ತಪರೀಕ್ಷೆ ಬಂದುದು 1906ರಲ್ಲಿ ಎಂಬುದನ್ನು ನೆನೆದರೆ, ಏಳು ವರ್ಷ ಮೊದಲೇ ಒಂದು ದೀಪದಿಂದ ಮಾಡಿದ ಈ ನಿರ್ಣಯದ ಬೆಲೆ ತಿಳಿದೀತು. ರಕ್ತಪರೀಕ್ಷೆ ಬಂದ ಬಳಿಕವೂ, ಯಾರ ರಕ್ತವನ್ನು ಪರೀಕ್ಷಿಸಬೇಕು, ಯಾರ ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂಬ ಆಯ್ಕೆಗೆ ಆ ಕಣ್ಣಪಾಪೆಯೇ ಮಾರ್ಗದರ್ಶಿಯಾಗಿತ್ತು.

ಎಲ್ಲಕ್ಕಿಂತ ಮಿಗಿಲಾದ ಕಾರ್ಯ ಬೆನ್ನುಹುರಿಯ ಗಡ್ಡೆಗಳ ವಿಷಯದಲ್ಲಿ ನಡೆಯಿತು. ಹುರಿಯನ್ನು ಒತ್ತುವ ಗಡ್ಡೆಯನ್ನು ತೆಗೆದರೆ ಕಾಲು ಮರಳಿ ಬರಬಲ್ಲುದೆಂದು 1887ರಲ್ಲಿ ಲಂಡನ್ನಿನ ಗವರ್ಸ್ ಮತ್ತು ಹಾರ್ಸ್ಲಿ ತೋರಿಸಿದ್ದರು. ಆದರೆ ಬೆನ್ನಿನ ಯಾವ ಮಟ್ಟದಲ್ಲಿ ಕೊಯ್ಯಬೇಕು? ಒಳಗನ್ನು ತೋರಿಸುವ ಚಿತ್ರ ಯಾವುದೂ ಆಗ ಇರಲಿಲ್ಲ. ಬಾಬಿನ್ಸ್ಕಿಯವರು ಸೂಜಿ, ಹತ್ತಿ, ಬಿಸಿನೀರುಗಳಿಂದ ಚರ್ಮದ ಸ್ಪರ್ಶಜ್ಞಾನವನ್ನು ಅಂಗುಲ ಅಂಗುಲವಾಗಿ ಅಳೆದು, ಅರಿವು ನಿಲ್ಲುವ ಗೆರೆಯನ್ನು ಗುರುತಿಸಿ, ಅದರಿಂದ ಗಡ್ಡೆಯ ನೆಲೆಯನ್ನು ಲೆಕ್ಕ ಹಾಕಿದರು. ಅವರು ಸೂಚಿಸಿದೆಡೆಯಲ್ಲಿ ಶಸ್ತ್ರವೈದ್ಯ ಲೆಸೇನ್ ಗಡ್ಡೆಯನ್ನು ತೆಗೆದು ರೋಗಿ ಗುಣಮುಖರಾದ ವೃತ್ತಾಂತ 1912ರಲ್ಲಿ ಪ್ರಕಟವಾಯಿತು. ಅವರ ಪ್ರೋತ್ಸಾಹದಿಂದ ಮುಂದೆ ಬಂದ ದ ಮಾರ್ತೆಲ್ ಮತ್ತು ಕ್ಲೋವಿಸ್ ವ್ಯಾನ್ಸಾನ್ ಫ್ರಾನ್ಸಿನಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಅಡಿಪಾಯ ಹಾಕಿದರು.

ಇಂದು ಈ ಅಳತೆಗಳೆಲ್ಲ ಏಕೆ, ಎಂ.ಆರ್.ಐ. ಇದೆಯಲ್ಲ ಎಂದು ಕೇಳುವವರಿದ್ದಾರೆ. ಬೆಳ್ತಂಗಡಿಯ ಒಳಹಳ್ಳಿಯಿಂದ ಬಸ್ಸು ಹಿಡಿದು ಮಂಗಳೂರಿಗೆ ಬಂದು, ದಿನದ ಕೂಲಿಯನ್ನು ಕಳೆದುಕೊಂಡು, ಸಾವಿರಾರು ರೂಪಾಯಿ ತೆತ್ತು ಸ್ಕ್ಯಾನ್ ಮಾಡಿಸುವ ಕುಟುಂಬಕ್ಕೆ ಅದು ಸಣ್ಣ ಪ್ರಶ್ನೆಯಲ್ಲ. ಒಬ್ಬ ಮಧ್ಯವಯಸ್ಕನಿಗೆ ಸೊಂಟನೋವು ಇದೆ, ಇತ್ತೀಚೆಗೆ ಎರಡೂ ಕಾಲು ಬಿಗಿದು ನಡಿಗೆ ತೊಡರುತ್ತಿದೆ ಎಂದಿಟ್ಟುಕೊಳ್ಳೋಣ. ಸೊಂಟದ ಸ್ಕ್ಯಾನ್ ತೆಗೆಸಲಾಗುತ್ತದೆ; ಒಂದು ತಟ್ಟೆ ಸ್ವಲ್ಪ ಉಬ್ಬಿದೆ ಎಂಬ ವರದಿ ಬರುತ್ತದೆ; ಕಾರಣ ಸಿಕ್ಕಿತೆಂದು ಎಲ್ಲರೂ ಸಮಾಧಾನಪಡುತ್ತಾರೆ. ಆದರೆ ಅಂಗಾಲಿಗೆ ಗೆರೆ ಎಳೆದು ನೋಡಿದ್ದರೆ ಹೆಬ್ಬೆರಳು ಮೇಲೇಳುತ್ತಿತ್ತು. ವಯಸ್ಕರಲ್ಲಿ ಬೆನ್ನುಹುರಿ ಮುಗಿಯುವುದು ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಬಳಿ. ಅದರ ಕೆಳಗಿನ ಉಬ್ಬು ಬೆರಳನ್ನು ಮೇಲೆತ್ತಿಸಲಾರದು. ಹಾಗಾದರೆ ಕೇಡು ಇರುವುದು ಮೇಲೆ, ಎದೆಯ ಮಟ್ಟದಲ್ಲಿ, ಕುತ್ತಿಗೆಯಲ್ಲಿ ಅಥವಾ ಮಿದುಳಿನಲ್ಲಿ. ಅದು ಬೆನ್ನೆಲುಬಿನ ಕ್ಷಯವಿರಬಹುದು, ಗಡ್ಡೆಯಿರಬಹುದು. ಎರಡಕ್ಕೂ ಚಿಕಿತ್ಸೆಯುಂಟು, ತಡವಾದರೆ ಕಾಲು ಶಾಶ್ವತವಾಗಿ ಹೋಗುವ ಭಯವೂ ಉಂಟು. ಯಂತ್ರವು ಸುಳ್ಳು ಹೇಳಲಿಲ್ಲ, ಕೇಳಿದ ಜಾಗದ ಬಗ್ಗೆ ಹೇಳಿತು. ನೋವೇ ಇಲ್ಲದ 3,110 ಜನರ ಬೆನ್ನಿನ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಲಾದ ಸಮೀಕ್ಷೆಯೊಂದರಲ್ಲಿ, 20ರ ವಯಸ್ಸಿನವರಲ್ಲೇ ನೂರಕ್ಕೆ ಸುಮಾರು 30 ಮಂದಿಗೆ, 80ರ ವಯಸ್ಸಿನವರಲ್ಲಿ ನೂರಕ್ಕೆ 84 ಮಂದಿಗೆ ತಟ್ಟೆಯ ಉಬ್ಬು ಕಂಡುಬಂದಿತ್ತು. ಉಬ್ಬು ಕಂಡಿತೆಂದ ಮಾತ್ರಕ್ಕೆ ಅದೇ ಅಪರಾಧಿಯಾಗುವುದಿಲ್ಲ.

ಬೆರಳು ಕಾರಣವನ್ನು ಹೇಳದೆಂಬ ಎರಡನೆಯ ಮಿತಿಗೂ ಬೆಳ್ತಂಗಡಿಯೇ ಸಾಕ್ಷಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 1982-83ರಲ್ಲಿ ಬೆಳ್ತಂಗಡಿಯ ಕಾಡಂಚಿನ ಹಳ್ಳಿಗಳಲ್ಲಿ ಹರಡಿ ಅನೇಕರನ್ನು ಬಲಿ ತೆಗೆದುಕೊಂಡಿತು. ಆ ಕಾಯಿಲೆಯಲ್ಲಿ ಜ್ವರ ಇಳಿದ ಒಂದೆರಡು ವಾರಗಳಲ್ಲಿ ಕೆಲವರಿಗೆ ಮತ್ತೆ ಜ್ವರ ಮರುಕಳಿಸಿ ತಲೆಬೇನೆ, ಕುತ್ತಿಗೆಯ ಬಿಗಿತ, ನಡುಕ, ಬುದ್ಧಿಭ್ರಮಣೆ ಉಂಟಾಗುತ್ತದೆ. ಪ್ರತಿವರ್ತನಗಳ ಪರೀಕ್ಷೆಯು ಮಿದುಳಿಗೆ ಬಾಧೆಯಾಗಿದೆ ಎಂದು ತಿಳಿಸೀತು; ಯಾವ ರೋಗಾಣುವಿನಿಂದ ಎಂಬುದಕ್ಕೆ ರಕ್ತವೇ ಬೇಕು. ಅಲ್ಲಿಯೂ ದಿನದ ಲೆಕ್ಕ ಮುಖ್ಯ. ಜ್ವರದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆ ಫಲಕಾರಿ. ಬಳಿಕ ದೇಹವು ಅದರ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು ನೋಡಬೇಕು. ತಪ್ಪು ದಿನದಲ್ಲಿ ಸರಿಯಾದ ಪರೀಕ್ಷೆ ಮಾಡಿದರೂ ರೋಗವಿಲ್ಲ ಎಂಬ ಉತ್ತರ ಬಂದೀತು.

ಬಾಬಿನ್ಸ್ಕಿಯವರ ಜೀವನದ ಅತ್ಯಂತ ಕಠಿಣವಾದ ಅಧ್ಯಾಯ ಮೊದಲನೆಯ ಮಹಾಯುದ್ಧದಲ್ಲಿ ಬಂದಿತು. ಗುರುವಿನ ಹಿಸ್ಟೀರಿಯಾ ಸಿದ್ಧಾಂತವನ್ನು ಅವರು 1901ರ ವೇಳೆಗೆ ಬಹುಮಟ್ಟಿಗೆ ಕಿತ್ತುಹಾಕಿದ್ದರು. ಸೂಚನೆಯಿಂದ ಹುಟ್ಟಿ, ಮನವೊಲಿಕೆಯಿಂದ ಹೋಗುವಂತಹದು ಮಾತ್ರ ಆ ಹೆಸರಿಗೆ ಅರ್ಹ ಎಂಬುದು ಅವರ ವಾದ. ಪ್ರೀತಿಸಿದ ಗುರುವಿನ ಮಾತನ್ನು ಸಾಕ್ಷ್ಯದ ಮುಂದೆ ಬಿಟ್ಟುಕೊಡುವುದಕ್ಕೆ ಧೈರ್ಯ ಬೇಕಾಗಿತ್ತು, ಅದು ಅವರಲ್ಲಿತ್ತು. ಆದರೆ ಯುದ್ಧಭೂಮಿಯಿಂದ ಕೈಕಾಲು ಸೋತು, ಮಾತು ನಿಂತು ಬಂದ ಸಾವಿರಾರು ಯೋಧರ ಎದುರಿನಲ್ಲಿ ಈ ಸಿದ್ಧಾಂತವು ಹರಿತವಾದ ಆಯುಧವಾಯಿತು. ಹೆಬ್ಬೆರಳು ಮೇಲೆದ್ದವನ ನೋವನ್ನು ಯಾರೂ ಅಲ್ಲಗಳೆಯುವಂತಿರಲಿಲ್ಲ. ಎಷ್ಟೋ ಗಾಯಾಳುಗಳಿಗೆ ಈ ಚಿಹ್ನೆ ನ್ಯಾಯ ದೊರಕಿಸಿತು. ಬೆರಳು ಕೆಳಗೆ ಬಾಗಿದವನ ಗತಿ? ಅವನು ನಟಿಸುತ್ತಿದ್ದಾನೆ ಎಂಬ ಸಂಶಯಕ್ಕೆ ಗುರಿಯಾಗಬೇಕಾಯಿತು. ಶಿಷ್ಯ ವ್ಯಾನ್ಸಾನ್ ತೂರ್ ನಗರದಲ್ಲಿ ಅಂತಹ ಯೋಧರಿಗೆ ತೀಕ್ಷ್ಣವಾದ ವಿದ್ಯುತ್ ಪ್ರವಾಹ ಹಾಯಿಸುವ ಚಿಕಿತ್ಸೆಯನ್ನು ನಡೆಸಿದರು. 1916ರಲ್ಲಿ ಒಬ್ಬ ಯೋಧ ಅದನ್ನು ಪ್ರತಿಭಟಿಸಿ ವೈದ್ಯರ ಮೇಲೆ ಕೈಮಾಡಿ, ಸೈನಿಕ ನ್ಯಾಯಾಲಯದ ಮುಂದೆ ನಿಂತಾಗ ಫ್ರಾನ್ಸಿನ ಪತ್ರಿಕೆಗಳೆಲ್ಲ ಆ ವಾರ್ತೆಯಿಂದ ತುಂಬಿದವು. ಬಾಬಿನ್ಸ್ಕಿಯವರು ಸ್ವತಃ ಫ್ರೋಮಾನ್ ಅವರೊಡನೆ ಬರೆದು 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹಿಸ್ಟೀರಿಯಾಕ್ಕೂ ಸೇರದ, ತಿಳಿದ ನರರೋಗಕ್ಕೂ ಸೇರದ ಮೂರನೆಯದೊಂದು ವರ್ಗವನ್ನು ಒಪ್ಪಿಕೊಂಡು ಗೆರೆಯನ್ನು ಸ್ವಲ್ಪ ಸಡಿಲಿಸಿದರು.

ಈ ವಿಷಯದಲ್ಲಿ ಕಾಲವು ಅವರನ್ನು ತಿದ್ದಿದೆ ಎಂದೇ ಹೇಳಬೇಕು. ಒಂದು ಚಿಹ್ನೆ ಇಲ್ಲವೆಂದರೆ ಕಾಯಿಲೆಯೇ ಇಲ್ಲವೆಂದಲ್ಲ. ರಚನೆ ಕೆಡದೆ ಕ್ರಿಯೆ ಮಾತ್ರ ಕೆಟ್ಟ ನರದೌರ್ಬಲ್ಯವನ್ನು ಇಂದಿನ ವೈದ್ಯಶಾಸ್ತ್ರ ನಿಜವಾದ ವ್ಯಾಧಿಯೆಂದೇ ಎಣಿಸುತ್ತದೆ. ಅದನ್ನು ಸ್ಕ್ಯಾನ್ ಶುದ್ಧವಾಗಿದೆ ಎಂಬ ಕಾರಣದಿಂದ ನಿರ್ಣಯಿಸುವುದಿಲ್ಲ, ಅದಕ್ಕೇ ವಿಶಿಷ್ಟವಾದ ಚಿಹ್ನೆಗಳಿಂದ ನಿರ್ಣಯಿಸುತ್ತಾರೆ. ಸೋತ ಕಾಲಿನ ಹಿಮ್ಮಡಿಯನ್ನು ಕೆಳಕ್ಕೆ ಒತ್ತಲು ಹೇಳಿದರೆ ಒತ್ತಲಾಗದವನು, ಇನ್ನೊಂದು ಕಾಲನ್ನು ಮೇಲೆತ್ತುವಾಗ ಅರಿವಿಲ್ಲದೆಯೇ ಅದೇ ಹಿಮ್ಮಡಿಯನ್ನು ಬಲವಾಗಿ ಒತ್ತುತ್ತಾನೆ; 1908ರಲ್ಲಿ ಹೂವರ್ ವರ್ಣಿಸಿದ ಈ ಚಿಹ್ನೆ ಅಂತಹವುಗಳಲ್ಲೊಂದು. ಅದನ್ನು ರೋಗಿಗೇ ತೋರಿಸಿ, ಕಾಲಿಗೆ ಹೋಗುವ ದಾರಿ ಮುರಿದಿಲ್ಲವೆಂದು ಮನಗಾಣಿಸುವುದು ಇಂದು ಚಿಕಿತ್ಸೆಯ ಭಾಗವಾಗಿದೆ.

ಸಹೋದ್ಯೋಗಿಗಳ ಸ್ಮೃತಿಯಲ್ಲಿ ಬಾಬಿನ್ಸ್ಕಿಯವರು ಮಿತಭಾಷಿ. ರೋಗಿಯನ್ನು ಪರೀಕ್ಷಿಸುವಾಗ ದೀರ್ಘ ಮೌನ, ಮತ್ತೆ ಮತ್ತೆ ಪರೀಕ್ಷೆ, ಕೊನೆಗೆ ಅಳೆದು ತೂಗಿದ ಒಂದೆರಡು ಮಾತು. ಸಂದೇಹವೇ ಅವರ ಸಂಗಾತಿ. ಆದರೂ ಸಂಜೆಯ ಹೊತ್ತು ನಾಟಕ, ಸಂಗೀತರೂಪಕಗಳೆಂದರೆ ಅವರಿಗೆ ಪ್ರಾಣ. 1921ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿತವಾದ ಭೀಕರ ರಸದ ನಾಟಕವೊಂದರ ರಚನೆಯಲ್ಲಿ ಗುಪ್ತನಾಮದಿಂದ ಪಾಲುಗೊಂಡಿದ್ದರೆಂಬುದು ಬಹಳ ವರ್ಷಗಳ ಮೇಲೆ ತಿಳಿದುಬಂದಿತು. 1927ರಲ್ಲಿ ಪೋರ್ಚುಗಲ್ಲಿನ ಮೋನಿಸ್, ಮಿದುಳಿನ ರಕ್ತನಾಳಗಳನ್ನು ಎಕ್ಸ್-ರೇ ಚಿತ್ರದಲ್ಲಿ ಮೂಡಿಸುವ ತಮ್ಮ ಹೊಸ ವಿಧಾನವನ್ನು ಪ್ಯಾರಿಸಿನ ನರವಿಜ್ಞಾನ ಸಂಘದ ಮುಂದೆ ಮಂಡಿಸಿದಾಗ, 69 ವರ್ಷದ ಬಾಬಿನ್ಸ್ಕಿಯವರೂ ಆ ಸಭೆಯಲ್ಲಿದ್ದರು. ಕೈಯಿಂದ ಮುಟ್ಟಿ ತಿಳಿಯುವ ಯುಗ ಮುಗಿದು ಕಣ್ಣಿಂದ ಒಳಗನ್ನು ಕಾಣುವ ಯುಗ ಆರಂಭವಾಗುತ್ತಿತ್ತು. ಮನುಷ್ಯನ ಮಿದುಳಿನ ವಿದ್ಯುತ್ತನ್ನು ದಾಖಲಿಸಿದ ಜರ್ಮನಿಯ ಬರ್ಗರ್ ಅವರ ಮೊದಲ ಲೇಖನ ಎರಡೇ ವರ್ಷಗಳಲ್ಲಿ, 1929ರಲ್ಲಿ, ಹೊರಬಂದಿತು.

ಕೊನೆಯ ವರ್ಷಗಳಲ್ಲಿ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಅಂಟಿಕೊಂಡಿತು. ಅಣ್ಣ ಹೆನ್ರಿ 1931ರಲ್ಲಿ ತೀರಿಕೊಂಡರು. ಮರುವರ್ಷ, 1932ರ ಅಕ್ಟೋಬರ್ 29ರಂದು, ಬಾಬಿನ್ಸ್ಕಿಯವರೂ ಪ್ಯಾರಿಸಿನಲ್ಲಿ ನಿಧನರಾದರು. ಪೋಲಿಷ್ ನಿರಾಶ್ರಿತರು ಅನೇಕರು ಮಲಗಿರುವ ಮೊಂಮೊರಾನ್ಸಿಯ ಸ್ಮಶಾನದಲ್ಲಿ ಅಣ್ಣತಮ್ಮಂದಿರ ಸಮಾಧಿ ಇದೆ. ಅವರನ್ನು ಕೊಂಡೊಯ್ದ ಆ ಕಾಯಿಲೆಯನ್ನು ವೈದ್ಯರು ಇಂದಿಗೂ ಮುಖ್ಯವಾಗಿ ನಡಿಗೆಯನ್ನೂ ನಡುಕವನ್ನೂ ಕೈಯ ಬಿಗಿತವನ್ನೂ ನೋಡಿಯೇ ನಿರ್ಣಯಿಸುತ್ತಾರೆ. ಅದರಲ್ಲಿ ಅಂಗಾಲಿಗೆ ಗೆರೆ ಎಳೆದರೆ ಹೆಬ್ಬೆರಳು ಸಾಮಾನ್ಯವಾಗಿ ಕೆಳಕ್ಕೇ ಬಾಗುತ್ತದೆ.